ಒಂದೇ ಟೈ

ರೋಲಾದ ಹಿಂದಿನ ಬೀದಿ, ಮೂರನೇ ಮಹಡಿ.
ಕೋಣೆಯಲ್ಲಿ ಮಂಚದ ಮೇಲೆ ಮಂಚ, ಆರು ಮಂದಿ,
ಬಾಗಿಲ ಹಿಂದಿನ ಮೊಳೆಗೆ ಒಂದೇ ಒಂದು ಟೈ.
ಗಂಟು ಹಾಕಿದವನು ಸಿಪ್ರಿಯನ್.
ಮಾರ್ಚಿಗೆ ಅವನ ಕಂಪನಿ ಬಾಗಿಲು ಹಾಕಿತು,
ಏಪ್ರಿಲಿಗೆ ಅವನು ಬೆಳ್ಮಣ್ಣಿಗೆ ಹೊರಟ.
ಹೋಗುವಾಗ ಅಂದದ್ದು ಇಷ್ಟೇ:
"ಬಿಚ್ಚಬೇಡಿ ಮಾರಾಯ್ರೆ,
ಸಡಿಲ ಮಾಡಿ ತಲೆಯಿಂದಲೇ ತೆಗೆಯಿರಿ.
ಕಟ್ಟಲಿಕ್ಕೆ ನಿಮಗೆ ಯಾರಿಗೂ ಬರುವುದಿಲ್ಲ."

ಹಾಗೆ ಅದು ಕೊರಳಿಂದ ಕೊರಳಿಗೆ ಹೋಯಿತು.
ಸೋಮವಾರ ದಾಮೂದಿ, ಬುಧವಾರ ನಾನು.
ಒಳಮೈಯಲ್ಲಿ ಮೂವರ ಬೆವರು ಒಂದಾಗಿ ಉಪ್ಪುಗಟ್ಟಿದ್ದು
ಮೇಜಿನಾಚೆ ಕುಳಿತ ಯಾರಿಗೂ ಕಾಣಲಿಲ್ಲ.

ನಾನು ಕ್ವಾಂಟಿಟಿ ಸರ್ವೇಯರ್.
ಗೋಡೆ ಏಳುವ ಮೊದಲೇ ಅದರ ಕಲ್ಲು ಎಣಿಸಿದವನು.
ವ್ಯರ್ಥಕ್ಕೆಂದು ಶೇಕಡಾ ಐದು ಹಿಡಿಯುವುದು ನಮ್ಮ ಕಸುಬಿನ ರೂಢಿ;
ಆ ಐದರಲ್ಲಿ ನಾವೂ ಬರುತ್ತೇವೆಂದು
ಯಾವ ನಕ್ಷೆಯಲ್ಲೂ ಬರೆದಿರಲಿಲ್ಲ.
ಈಗ ಎಣಿಸುತ್ತಿರುವುದು ವೀಸಾದ ದಿನ. ಹತ್ತೊಂಬತ್ತು.
ದೇರಾದ ಬಸ್ಸಿಗೆ ಐದು ದಿರ್ಹಮ್,
ಒಂದು ಹಾಳೆಯ ನಕಲಿಗೆ ಐವತ್ತು ಫಿಲ್ಸ್.

ಕಿಟಕಿಯಾಚೆ ಅರ್ಧಕ್ಕೆ ನಿಂತ ಟವರು.
ಕೆಲಸ ನಿಂತಾಗ ಕ್ರೇನಿನ ಬ್ರೇಕು ಬಿಟ್ಟಿರುತ್ತಾರೆ,
ಇಲ್ಲವಾದರೆ ಗಾಳಿಗೆ ಮುರಿದೀತು.
ಅದು ಗಾಳಿ ಬಂದತ್ತ ನಿಧಾನ ತಿರುಗುತ್ತದೆ.
ದೂರದಿಂದ ನೋಡಿದವರು
ಕೆಲಸ ಜೋರಾಗಿದೆ ಅಂದುಕೊಳ್ಳುತ್ತಾರೆ.
ಗುಲಾಬಿ ಫೋನಿನಲ್ಲಿ ಕೇಳುತ್ತಾಳೆ: "ಸೈಟಿಂದ ಬಂದ್ರಾ?"
"ಈಗಷ್ಟೇ" ಅನ್ನುತ್ತೇನೆ.

ಹಿಂದಿನ ವಾರ ಮಹ್ರೂಸ್ ಸಾಹೇಬರು
ನನ್ನ ಹಾಳೆ ತಿರುವಿ "ನಿಮಗೆ ಅನುಭವ ಜಾಸ್ತಿ" ಎಂದರು.
ಸಾರಿಗೆ ಉಪ್ಪು ಜಾಸ್ತಿಯಾದ ಹಾಗೆಯೇ?
ನೀರು ಹೊಯ್ದರೆ ಸರಿಹೋದೀತೇ?
ಹೊಯ್ದೆ. ರಾತ್ರಿ ಕೂತು ಐದು ವರ್ಷ ಅಳಿಸಿದೆ.
ಎರಡು ಶಾಲೆ, ಒಂದು ಆಸ್ಪತ್ರೆ, ಅಜ್ಮಾನಿನ ಗೋದಾಮು
ಒಂದು ಗುಂಡಿ ಒತ್ತಿದ್ದಕ್ಕೆ ನೆಲಸಮ.

ಹಸನಬ್ಬ ಕಾರು ತೊಳೆಯುವವನು.
ಒಡೆಯರು ಬಿಟ್ಟು ಓಡಿದ ಎರಡು ಕಾರನ್ನು
ಈಗಲೂ ದಿನಾ ತೊಳೆಯುತ್ತಾನೆ.
"ಬಂದರೆ ಬೈಯಬಾರದಲ್ಲ?"
ಸುಮ್ಮನಿರಲಾರದ ಕೈ ಅದು.
ನಿನ್ನೆ ನನ್ನ ಮೇಲಿನ ಮಮತೆಗೆ
ಟೈಯನ್ನೂ ಬಿಚ್ಚಿ ಒಗೆದುಬಿಟ್ಟ.

ಇವತ್ತು ಹನ್ನೊಂದಕ್ಕೆ ಇಂಟರ್‌ವ್ಯೂ.
ಗಂಗೊಳ್ಳಿಯವನು ನಾನು.
ಬಲೆಯ ಗಂಟು, ದೋಣಿಯ ಗಂಟು
ಕತ್ತಲೆಯಲ್ಲೂ ಹಾಕಬಲ್ಲೆ.
ಈ ನೀಲಿ ಪಟ್ಟಿಯ ಮುಂದೆ ಮಾತ್ರ
ಬೆರಳುಗಳು ಮಕ್ಕಳ ಹಾಗೆ ನಿಂತವು.
ಸುತ್ತಿ ಕಿಸೆಗೆ ತುರುಕಿ
ನಕಲು ತೆಗೆಯುವ ಅಂಗಡಿಗೆ ಬಂದರೆ
ಸಾಲಿನಲ್ಲಿ ನನ್ನ ಮುಂದೆ ಮಹ್ರೂಸ್ ಸಾಹೇಬರು.
ಕೈಯಲ್ಲಿ ಫೈಲು. ಫೈಲಿನಲ್ಲಿ ಅವರದೇ ಫೋಟೋ.

ಗುರುತು ಸಿಗದವರ ಹಾಗೆ ಇಬ್ಬರೂ
ಗೋಡೆಯ ಕ್ಯಾಲೆಂಡರನ್ನೇ ಓದಿದೆವು, ತಾರೀಕು ತಾರೀಕಾಗಿ.
ಆಮೇಲೆ ಅವರ ಕಣ್ಣು
ನನ್ನ ಕಿಸೆಯಿಂದ ಇಣುಕುವ ಬಾಲಕ್ಕೆ ಬಿತ್ತು.
ಮಾತಿಲ್ಲದೆ ಫೈಲನ್ನು ಯಂತ್ರದ ಮೇಲಿಟ್ಟು
ಟೈ ಎಳೆದುಕೊಂಡರು,
ನನ್ನ ಕಾಲರು ಎತ್ತಿದರು,
ಮೇಲೆ, ಕೆಳಗೆ, ಸುತ್ತಿ, ಒಳಗೆ.
ಬೆರಳು ಗಂಟಲಿಗೆ ತಾಗಿತು. ತಣ್ಣಗಿತ್ತು.
"ಉಸಿರಾಡಲು ಆಗುತ್ತದೆಯೇ?" ಅಂದರು.
ಅವರು ನನಗೆ ಕೇಳಿದ ಪ್ರಶ್ನೆಗಳಲ್ಲಿ
ಉತ್ತರ ಗೊತ್ತಿದ್ದದ್ದು ಅದೊಂದೇ.

ಅವರ ಹಾಳೆ, ನನ್ನ ಹಾಳೆ
ಬಿಸಿಬಿಸಿಯಾಗಿ ಒಂದೇ ಬಾಯಿಂದ ಬಿದ್ದವು.
ಅಂಗಡಿಯವನು ಒಟ್ಟಿಗೇ ಎಣಿಸಿ ನಲವತ್ತು ಎಂದ.
ಮೂವತ್ತೊಂಬತ್ತಿತ್ತು.
ನಾನು ಬಾಯಿ ಬಿಡಲಿಲ್ಲ.