ಮೂವತ್ತೊಂದು ನಿಮಿಷ

ನಾನು ಲೆಕ್ಕ ಹಾಕುವ ಆಕಾಶ ಇಲ್ಲಿಯದಲ್ಲ.
ವಾಸ್ಕೋದ ಈ ತಾರಸಿ ಹದಿನೈದನೇ ಡಿಗ್ರಿಯಲ್ಲಿದೆ.
ನನ್ನ ಚೌಕಗಳು ನಲವತ್ತು, ನಲವತ್ತೈದರಲ್ಲಿ,
ನಾನು ಕಾಲಿಡದ ಊರುಗಳ ನೆತ್ತಿಯ ಮೇಲೆ
ಮುನ್ನೂರು ಕಿಲೋಮೀಟರು ಎತ್ತರದಲ್ಲಿ.

ಅವ್ವ ಕೇಳುತ್ತಾಳೆ, 'ಅಲ್ಲೇನೈತಿ?'
ಬಂದರಿನಲ್ಲಿ ಅದಿರು ಹೊತ್ತವಳು,
ಎಷ್ಟು ಒಗೆದರೂ ಸೀರೆ ಕೆಂಪು ನೀರನ್ನೇ ಬಿಡುತ್ತಿದ್ದ ಕಾಲದವಳು.
ಏನಿಲ್ಲವ್ವ, ಬಿಸಿಲಿಗೆ ಒಡೆದ ಗಾಳಿ.
ಒಡೆದದ್ದು ರಾತ್ರಿ ಮತ್ತೆ ಕೂಡುತ್ತದೆ,
ಪೂರ್ತಿ ಕೂಡುವುದಿಲ್ಲ. ಉಳಿದದ್ದೇ ಕನ್ನಡಿ.
ಹಡಗಿನ ಮಾತು ಅದಕ್ಕೆ ಬಡಿದು ಮನೆಗೆ ಬರುತ್ತದೆ.

'ಮತ್ತ ಬಿರುಗಾಳಿ?'
ಸೂರ್ಯ ಸೀನಿದ ಅಂದುಕೋ, ಅಂದೆ. ಅವಳು ನಗಲಿಲ್ಲ.
ಎರಡು ದಿನದ ಮೇಲೆ ದಿಕ್ಸೂಚಿಯ ಮುಳ್ಳು ನಡುಗುತ್ತದೆ.
ಧ್ರುವದ ಗಾಳಿ ಕಾಯುತ್ತದೆ, ಉಬ್ಬುತ್ತದೆ,
ಕಾದದ್ದು ಕೆಳ ಅಕ್ಷಾಂಶಗಳ ಕಡೆ ಹರಿಯುತ್ತ
ತಳದ ಸಾರಜನಕವನ್ನು ಮೇಲಕ್ಕೆಳೆದು ತರುತ್ತದೆ.
ಎಲೆಕ್ಟ್ರಾನುಗಳಿಗೆ ಅದು ಆಗಿಬರುವುದಿಲ್ಲ.
ಕನ್ನಡಿಯ ಪಾದರಸ ಸುಲಿಯುತ್ತದೆ,
ಮಾತು ಎಲ್ಲೂ ಬಡಿಯದೆ ತೂರಿ ಹೋಗುತ್ತದೆ
ಅತ್ತ, ಯಾರೂ ಇಲ್ಲದ ಕಡೆಗೆ.

ಇದಿಷ್ಟನ್ನೂ ಸಮೀಕರಣ ಮಾಡಿದ್ದೇನೆ,
ಹನ್ನೊಂದು ಸಾವಿರ ಸಾಲು. ಸಾಕ್ಷಿ ಮಾತ್ರ ಸಾಲದು.

ಸಾಕ್ಷಿ ಕೆಳಗಿನ ಮನೆಯಲ್ಲಿತ್ತು.

ಕುಸ್ತೋದಿಯೋ ರೆಬೆಲೋ, ಎಂಬತ್ತೊಂದು ವರ್ಷ,
ಸರಕು ಹಡಗುಗಳಲ್ಲಿ ರೇಡಿಯೋ ಆಫೀಸರಾಗಿದ್ದವರು.
ಗೋಡೆಗೆ ಹಡಗಿನದೇ ಗಡಿಯಾರ, ಮುಖದ ಮೇಲೆ ಎರಡು ಕೆಂಪು ತುಂಡು:
ಗಂಟೆಗೆ ಎರಡು ಸಲ, ಮೂರು ಮೂರು ನಿಮಿಷ,
ಕಡಲಲ್ಲಿ ಎಲ್ಲರೂ ಸುಮ್ಮನಿರಬೇಕಾಗಿದ್ದ ಹೊತ್ತು,
ಮುಳುಗುವವನ ದನಿಗೆ ದಾರಿ ಬಿಟ್ಟು.
ಈಗಲೂ ಮುಳ್ಳು ಅಲ್ಲಿಗೆ ಬಂದರೆ
ಅವರು ಮಾತು ನಿಲ್ಲಿಸುತ್ತಾರೆ, ಚಹಾದ ಕಪ್ಪು ಕೈಯಲ್ಲೇ.

ದಿನಚರಿ ತೆಗೆದುಕೊಟ್ಟರು, ಜಿರಳೆ ತಿಂದ ಅಂಚು.
ಎಂಬತ್ತೊಂಬತ್ತರ ಮಾರ್ಚ್ ಹದಿಮೂರು, ಬಿಸ್ಕೇ ಕೊಲ್ಲಿ,
ನೀಲಿ ಶಾಯಿಯ ನೆಟ್ಟಗಿನ ಅಕ್ಷರ:
ಎಂಟು ಮೆಗಾಹರ್ಟ್ಸ್, ಏನೂ ಕೇಳಿಸಲಿಲ್ಲ.
ಹನ್ನೆರಡು, ಏನೂ ಕೇಳಿಸಲಿಲ್ಲ.
ಮೂರು ಪುಟ ಅದೇ. ನಡುವೆ ಒಂದು ಕಡೆ,
ಸಕ್ಕರೆ ಮುಗಿದಿದೆ.

ರಾತ್ರಿಯಿಡೀ ಮಾದರಿ ಓಡಿಸಿದೆ.
ಅವರ ಹಡಗಿನ ನೆತ್ತಿಯ ಚೌಕ
ಇಪ್ಪತ್ತೊಂದು ಗಂಟೆ ಒಂಬತ್ತಕ್ಕೆ ಬರಿದಾಯಿತು.
ಅವರು ಬರೆದದ್ದು ಇಪ್ಪತ್ತೊಂದು ನಲವತ್ತು.

ಮೂವತ್ತೊಂದು ನಿಮಿಷ.
ಗಾಳಿಯ ವೇಗ ತಗ್ಗಿಸಿ ನೋಡಿದೆ,
ಧ್ರುವದ ಕಾವನ್ನು ಒಲೆಯ ಉರಿಯಂತೆ ಸಣ್ಣ ಮಾಡಿದೆ.
ಇಟಲಿಯ ಮೇಲೆ ಸರಿಹೋದದ್ದು
ಸ್ಪೇನಿನ ಮೇಲೆ ಹಾಳು.

ಬೆಳಿಗ್ಗೆ ಹೋಗಿ ಕೇಳಿದೆ, ಅಂಕಲ್, ಗಡಿಯಾರ ಮುಂದಿತ್ತೇ?
ಹುಬ್ಬು ಗಂಟಿಕ್ಕಿತು. ಆಮೇಲೆ ಪುಟ ಸವರುತ್ತ:
'ಹೋದದ್ದು ಮೊದಲೇ. ನಾನು ಬರೆಯಲಿಲ್ಲ.
ಎರ್ಮೆಲಿಂದಾಳ ಸಂದೇಶ ಅರ್ಧ ಬಂದಿತ್ತು,
ಬಾವಿಯ ಪಂಪು ಕೆಟ್ಟಿದೆ, ಯಾರನ್ನು...
ಅಷ್ಟೇ. ಉಳಿದರ್ಧಕ್ಕೆ ಕರೆಯುತ್ತಲೇ ಇದ್ದೆ.
ಬರೆದರೆ ಹೋಯಿತು ಅಂತ ಆಗಿಬಿಡುತ್ತದಲ್ಲ.'

ಪಂಪು?
'ನಾಲ್ಕನೇ ದಿನ ಸಿಕ್ಕಳು. ತಾನೇ ಬಿಚ್ಚಿ ಸರಿಮಾಡಿದ್ದಳು.
ಆಮೇಲೆ ಯಾವುದಕ್ಕೂ ನನ್ನನ್ನು ಕೇಳಲಿಲ್ಲ.'
ಒಳಗಿಂದ ಎರ್ಮೆಲಿಂದಾ ಕೊಂಕಣಿಯಲ್ಲಿ ಏನೋ ಅಂದರು.
ಅವರು ನಕ್ಕರು, ನನಗೆ ಬಿಡಿಸಿ ಹೇಳಲಿಲ್ಲ.

ಇದು ನಿಜವೋ, ನಿದ್ದೆಗೆಟ್ಟ ಹುಡುಗಿಯ ಮೇಲಿನ ಕನಿಕರವೋ.
ಅಲ್ಲಿ ಧ್ರುವ ಕಾದಿತ್ತು, ಇಲ್ಲಿ ಒಬ್ಬಾತ ಕಾದಿದ್ದ;
ನನ್ನ ಸೂತ್ರಕ್ಕೆ ಗೊತ್ತಿರುವುದು ಒಂದೇ ಕಾವು.
ಬಾಯಿಮಾತು ಕೋಷ್ಟಕದಲ್ಲಿ ಕೂರುವುದಿಲ್ಲ.
ಇಪ್ಪತ್ತೊಂದು ನಲವತ್ತು ಎಂದೇ ತುಂಬಿದೆ,
ಪಕ್ಕದಲ್ಲಿ ವ್ಯತ್ಯಾಸ, ಮೂವತ್ತೊಂದು.
ಗಾಳಿಯನ್ನು ಮೊದಲಿದ್ದ ವೇಗಕ್ಕೇ ಬಿಟ್ಟೆ.

ಸಂಜೆ ಅವ್ವ ತಾರಸಿಯಲ್ಲಿ ಬಟ್ಟೆ ತೆಗೆಯುತ್ತ
ಮೇಲೆ ನೋಡಿದಳು, 'ಇವತ್ತ ನಿನ್ನ ಗಾಳಿ ಹೆಂಗೈತಿ?'
ಬಾಯಿ ತೆರೆದೆ.
ಕೆಳಗಿನ ಮನೆಯ ಟೀವಿ ಥಟ್ಟನೆ ಸುಮ್ಮನಾಯಿತು.
ಹದಿನೈದಾಗಿರಬೇಕು.
ತಡಿಯವ್ವ, ಎಂದೆ.