ಹತ್ತರ ಮೇಲೆ ನಾಲ್ಕು ನಿಮಿಷ

ಎದೆಯಿಂದ ಮೇಲಕ್ಕೆ ಸಾಕು, ಅಂದಿದ್ದರು.
ಮುಖ ಬೇಕು, ಸುಕ್ಕು ಬೇಕು,
ಕಣ್ಣಂಚಿನಲ್ಲಿ ನೀರಿದ್ದರೆ ಇನ್ನೂ ಒಳ್ಳೆಯದು.
ಹೆಣ್ಣೂರು ದಾಟಿ, ಮಣ್ಣುರಸ್ತೆಯ ಕೊನೆಗೆ
ಲೇಔಟಾಗಲು ಕಾಯುತ್ತಿದ್ದ ಮೈದಾನ;
ಎರಡು ದಿನದ ಮಟ್ಟಿಗೆ ಅದರ ಹೆಸರು ಬೇರು ಉತ್ಸವ.
ನನ್ನದು ಎರಡನೇ ಕ್ಯಾಮೆರಾ, ಸ್ಪೀಕರಿನ ಪಕ್ಕ,
ಒಂದು ಕಿವಿ ಸಂಜೆಗೇ ಸತ್ತಿತ್ತು.

ಕಾಕ್ಸ್ ಟೌನಿನ ಡೆರಿಕ್ ಬ್ಯಾಂಜೊ ಹಿಡಿದು ಹಾಡಿದ,
ಅಗಲ ಅಂಚಿನ ಟೋಪಿ, ಬೂಟಿನ ತುಂಬ ಕೆಂಪು ಧೂಳು.
ಅವನ ಎಲ್ಲ ಹಾಡಲ್ಲೂ ಒಂದು ರೈಲು ತಪ್ಪಿಹೋಗುತ್ತದೆ.
ಅಪ್ಪ ಬೈಯಪ್ಪನಹಳ್ಳಿಯಲ್ಲಿ ಸಿಗ್ನಲ್ ನೋಡುತ್ತಿದ್ದನಂತೆ,
ರೈಲಿನ ವಿಷಯಕ್ಕೆ ಸುಳ್ಳು ಹೇಳಲಾರ.

ಒಂಬತ್ತು ನಲವತ್ತಕ್ಕೆ ಕುದೂರಿನ ಗಂಗಹನುಮಯ್ಯ.
ಹೆಗಲಿಗೆ ತಂಬೂರಿ, ಬೆರಳಿಗೆ ಚಿಟಿಕೆ, ಬಲಗಾಲಿಗೆ ಗೆಜ್ಜೆ.
ಸೌಂಡಿನ ಹುಡುಗ ಬಂದು ಬಗ್ಗಿ ಕೇಳಿದ:
‘ಅಜ್ಜ, ಗೆಜ್ಜೆ ಬಿಚ್ತೀರಾ? ಮೈಕಿಗೆ ಬಡೀತಿದೆ.’
ಬಿಚ್ಚಿ ಜುಬ್ಬದ ಜೇಬಿಗೆ ಹಾಕಿಕೊಂಡ,
ಬೀಡಿ ಕಟ್ಟು ಇಟ್ಟುಕೊಂಡಷ್ಟು ಸಲೀಸಾಗಿ.

ಹದಿನೈದು ನಿಮಿಷ ಕೊಟ್ಟಿದ್ದರು.
ಆತನ ಪದಕ್ಕೆ ಬಾಗಿಲು ತೆರೆಯಲೇ ಅಷ್ಟು ಬೇಕು:
ಗುರುವಿಗೆ, ಗದ್ದುಗೆಗೆ, ಕೂತವರಿಗೆ, ನಿಂತವರಿಗೆ
ಶರಣು ಹೇಳಿ ಮುಗಿಸುವಷ್ಟರಲ್ಲಿ ಹತ್ತು.
ಪೊಲೀಸ್ ಜೀಪು ಗೇಟಿನಲ್ಲೇ ಇತ್ತು.
ಸೌಂಡ್ ಕಟ್.

ಆತ ನಿಲ್ಲಿಸಲಿಲ್ಲ.
ಮೈಕು ಸಾಯುವುದು ಆತನಿಗೇನು ಹೊಸತೇ,
ಒಂದು ಹೆಜ್ಜೆ ಮುಂದೆ ಬಂದ, ಅಷ್ಟೆ.
ಬಿಯರ್ ಲೋಟ ಹಿಡಿದವರು ಹಿಡಿದಂತೆಯೇ ನೆಲಕ್ಕೆ ಕೂತರು.
ರಿಂಗ್ ರೋಡಿನಲ್ಲಿ ಲಾರಿಯೊಂದು ಗೇರು ಬದಲಿಸಿದ್ದು
ಕೇಳಿಸಿತು, ಅಷ್ಟು ನಿಶ್ಶಬ್ದ.
ನಾಲ್ಕು ನಿಮಿಷ. ಕೆಂಪು ಚುಕ್ಕೆ ಉರಿಯುತ್ತಲೇ ಇತ್ತು.

ರಾತ್ರಿ ಎರಡಕ್ಕೆ, ಹನುಮಂತನಗರದಲ್ಲಿ,
ಟೈಲರ್ ಅಂಗಡಿಯ ಮೇಲಿನ ನನ್ನ ಕೋಣೆಯಲ್ಲಿ ನೋಡಿದೆ:
ಬಾಯಿ ತೆರೆಯುತ್ತದೆ, ಮುಚ್ಚುತ್ತದೆ, ಮೀನಿನ ಹಾಗೆ.
ನನಗೆ ಸದ್ದು ಬರುತ್ತಿದ್ದುದು ಅವರ ಡೆಸ್ಕಿನ ವೈರಿನಿಂದ.
ಡೆಸ್ಕು ಸತ್ತಮೇಲೆ ನಾನು ಹಿಡಿದದ್ದು ಬರೀ ತುಟಿ.
ಯಾವ ಪದ, ನೆನಪಿಗೆ ಬರಲೊಲ್ಲದು;
ಆಗ ಫೋಕಸ್ ತಿರುಗಿಸುತ್ತಿದ್ದೆ.
ನಿಜ ಹೇಳಬೇಕೆಂದರೆ ಹನ್ನೊಂದು ವರ್ಷದಿಂದ
ಹಾಡು ಕೇಳಿಲ್ಲ, ಹಿಡಿದಿದ್ದೇನೆ.

ವಾರ ಕಳೆದು, ಚೆಕ್ಕು ಇಸಿದುಕೊಳ್ಳಲು ಬಂದ ಆತ
ಮೆಟ್ಟಿಲು ಹತ್ತಿ ನನ್ನಲ್ಲಿಗೂ ಬಂದ.
ಸ್ಟೂಲು ಕೊಟ್ಟೆ. ತನ್ನ ಬಾಯನ್ನು ತಾನೇ ನೋಡಿದ:
‘ಹಲ್ಲಿಲ್ದೇ ಇರೋದು ಇಷ್ಟು ಕಾಣ್ತದಾ!
ತುಟಿ ಏನ್ ಹೇಳೀತವ್ವ, ಎಲ್ಲ ಪದಕ್ಕೂ ಅದೇ ತುಟಿ.
ಕಾಲು ತೋರ್ಸು. ಹೆಜ್ಜೆ ಕಂಡ್ರೆ ಹೇಳ್ತೀನಿ.’

ಕಾಲು ಇರಲಿಲ್ಲ.
ಮೂರು ಕ್ಯಾಮೆರಾ, ಯಾವುದರಲ್ಲೂ ಒಂದು ಪಾದವಿಲ್ಲ,
ಡ್ರೋನಿಗೆ ಕಂಡದ್ದು ನೆತ್ತಿ.

ಮತ್ತೆ ಹಾಕಿದೆ, ಮತ್ತೆ.
ಐದನೇ ಸಲಕ್ಕೆ ಆತನ ಬೆರಳು ಪರದೆಯ ಕೆಳಮೂಲೆಗೆ ಹೋಯಿತು:
‘ಇದ್ಯಾರ ಕೈ?’
ಮಸುಕಾದ ಮೂಲೆ, ಕತ್ತರಿಸಿ ಬಿಸಾಡಬೇಕೆಂದಿದ್ದೆ.
ಡೆರಿಕ್ಕನ ಕೈ. ವೇದಿಕೆಯ ಅಂಚಿಗೆ ಕೂತು
ಬ್ಯಾಂಜೊ ಪೆಟ್ಟಿಗೆಯ ಮೇಲೆ
ಎರಡು ಬೆರಳು, ಬಿಡು, ಮೂರು, ಬಿಡು, ಎರಡು.

ಸ್ಟೂಲಿನ ಕೆಳಗೆ ಕಾಲು ಮೊದಲು ಆಡಿತು, ಆಮೇಲೆ ಗಂಟಲು.
‘ಓಹೋ, ಇದಾ! ನಮ್ ಸೋದರತ್ತೆ ಕಲ್ಸಿದ್ದು.
ಹೆಣ ಎತ್ತೋಕ್ ಮುಂಚೆ ಹಾಡೋದು ಇದು.
ಅಲ್ಯಾಕ್ ಬಂತೋ... ಸದ್ದು ಹೋಯ್ತಲ್ಲ, ಅದಕ್ಕಿರಬೇಕು.’

ಹಾಡಿದ.
ಪರದೆಯ ಬಾಯಿ ಅರ್ಧ ತಾಳ ಹಿಂದೆ ಬಿತ್ತು,
ಓಡಿ ಬಂದು ಕೂಡಿಕೊಂಡಿತು, ಮತ್ತೆ ತಪ್ಪಿತು.
ಕೆಳಗೆ ಟೈಲರನ ಮೆಷಿನ್ನು ನಿಂತಿತು.
ನಾನು ರೆಕಾರ್ಡರು ಒತ್ತಿದೆನೇ ಇಲ್ಲವೇ,
ಅದು ಬಿಡಿ.

ಮೆಜೆಸ್ಟಿಕ್ಕಿನಿಂದ ಆರೂವರೆಗೆ ಬಸ್ಸು.
ಚಹಾ ಕುಡಿದು ಎದ್ದ, ಚೆಕ್ಕನ್ನು ನಾಲ್ಕಾಗಿ ಮಡಿಸಿದ.
ಮೆಟ್ಟಿಲಿಳಿಯುವಾಗ ಜೇಬು ಘಲ್ ಅಂದಿತು.
ಗೆಜ್ಜೆ ಇನ್ನೂ ಅಲ್ಲೇ ಇತ್ತು.