ಬಾಕಿ ನಲವತ್ತು ಪುಟ

ರೊಸಾರಿಯೊ ಊರಿನ ಮನಶ್ಶಾಸ್ತ್ರ ವಿಭಾಗದ
ಮೆಟ್ಟಿಲ ಕೆಳಗೆ, ನೆಟ್ಟಗೆ ನಿಂತರೆ ತಲೆ ತಾಗುವ ಜಾಗದಲ್ಲಿ
ಇಪ್ಪತ್ತಾರು ವರ್ಷ ನನ್ನ ಜೆರಾಕ್ಸ್ ಅಂಗಡಿ.
ಪುಸ್ತಕ ಕೊಳ್ಳಲು ಕಾಸಿಲ್ಲದವರ ಓದೆಲ್ಲ
ನನ್ನ ಯಂತ್ರದ ಹಸಿರು ಬೆಳಕಿನಡಿ ಹಾದೇ ಹೋಗಬೇಕು.

ಓದಿದವಳಲ್ಲ ನಾನು. ಆದರೂ
ಗಿರಣಿಯವನ ಹುಬ್ಬಿಗೆ ಹಿಟ್ಟು ಕೂರುವ ಹಾಗೆ
ನನಗೂ ಒಂದಿಷ್ಟು ಅಂಟಿತು:
ಮಗುವಿನ ಭಯ, ಪುಟ ಮೂವತ್ತೊಂದರಿಂದ;
ಶೋಕ, ಎರಡೂ ಬದಿ, ಪಿನ್ನು ಹೊಡೆದು;
ನೆನಪಿನ ಅಧ್ಯಾಯ ಮಾತ್ರ ಯಾವಾಗಲೂ
ಅಂಚಿಗೆ ಮಸಿ ಕವಿದು, ಕೊನೆಯ ಸಾಲು ಕಾಣದೆ.

ಮಾರ್ಚಿಯಲ್ಲಿ ಬರುತ್ತಿದ್ದರು ಹೊಸಬರು,
ಮುಖ ನೋಡಿದೊಡನೆ ಒಳಗಿನದು ಹೇಳಿಬಿಡುವ ಹುರುಪಿನಲ್ಲಿ.
ಜೂನ್ ಅಂದರೆ ನಮ್ಮಲ್ಲಿ ಚಳಿ.
ಅಷ್ಟರಲ್ಲಿ ಕೈಯಲ್ಲಿ ಸಂಖ್ಯಾಶಾಸ್ತ್ರದ ಹಾಳೆ, ಕಣ್ಣ ಕೆಳಗೆ ಕಪ್ಪು.
'ಮನಸ್ಸು ಓದಲು ಬಂದರೆ ಲೆಕ್ಕ ಹೇರಿದರಲ್ಲ, ಎವೇಲಿಯಾ!'
'ಹೇರಲಿ ಬಿಡು, ಹನ್ನೆರಡು ಪುಟ,
ಚಿಲ್ಲರೆ ಇದೆಯಾ?'

ಎಲ್ಲಿಗೆ ಹೋದರೋ ಅವರೆಲ್ಲ.
ಹೊರಾಸಿಯೊ ಜೈಲಿಗೆ ಹೋದ, ಪ್ರತಿ ಗುರುವಾರ;
'ಒಳಗೆ ಹೋಗುವಾಗ ಬೆಲ್ಟು ಕಳಚಿಸುತ್ತಾರೆ,
ಪ್ಯಾಂಟು ಹಿಡಿದುಕೊಂಡೇ ಧೈರ್ಯ ಹೇಳಬೇಕು' ಎಂದು ನಗುತ್ತಿದ್ದ.
ಯಮಿಲಾ ಸೂಪರ್‌ಮಾರ್ಕೆಟ್ಟಿನ ಮೇಲಂತಸ್ತಿಗೆ,
ಗಲ್ಲಾದಲ್ಲಿ ಯಾರು ಕೂರಬೇಕೆಂದು ಆರಿಸುವ ಕೆಲಸ.
ಎಲ್ಲರಿಗಿಂತ ಮೊದಲು ಮನೆ ಕಟ್ಟಿದ್ದು ಅವಳೇ.
ನನ್ನ ತಂಗಿಯ ಮಗಳನ್ನು ಬೇಡ ಅಂದಳು.
ಸರಿಯಾಗೇ ಅಂದಳು.
ಫುಟ್‌ಬಾಲ್ ಕ್ಲಬ್ಬಿಗೆ ಒಬ್ಬ:
ತಂಡಕ್ಕೆ ಸೇರದ ಹದಿಮೂರರ ಹುಡುಗರು
ಬೂಟು ಬಿಚ್ಚದೆ ಕೂತಿರುತ್ತಾರಲ್ಲ, ಅವರ ಪಕ್ಕ ಕೂರಲು.
ಇಬ್ಬರು ಮದುವೆಯಾಗಿ ಒಬ್ಬರನ್ನೊಬ್ಬರು
ವಿಶ್ಲೇಷಿಸಿ ವಿಶ್ಲೇಷಿಸಿ ಬೇರೆಯಾದರು.

ಲಿಸಾಂದ್ರೊ ಬೆನೆಗಾಸ್ ಎಂಬ ಐದನೇ ವರ್ಷದವ
ಶೋಕದ ನಲವತ್ತು ಪುಟ ಸಾಲ ಒಯ್ದ.
'ಸೋಮವಾರ ಕೊಡುತ್ತೇನೆ.'
ಸೋಮವಾರಗಳು ಬಂದವು, ಅವನು ಬರಲಿಲ್ಲ.
ಅವನಮ್ಮ ತೀರಿಕೊಂಡಳೆಂದು ಆಮೇಲೆ ಯಾರೋ ಅಂದರು.
ಆದರೂ ಪುಸ್ತಕದಲ್ಲಿ ಬರೆದದ್ದು ಹೊಡೆದುಹಾಕಲಿಲ್ಲ ನಾನು.
ವ್ಯಾಪಾರ ವ್ಯಾಪಾರವೇ.

ಮತ್ತೆ ಪುಟಗಳು ಫೋನಿನೊಳಗೆ ಹೊಕ್ಕವು.
ಯಂತ್ರ ತೂಕಕ್ಕೆ ಹೋಯಿತು, ಮುಚ್ಚಳ ಬೇರೆ, ಮೈ ಬೇರೆ.
ಆವತ್ತಿನಿಂದ ರಾತ್ರಿ ಮೂರಕ್ಕೆ ಎಚ್ಚರ.
ಕತ್ತಲಲ್ಲಿ ಅದೇ ಗರಗರ,
ಹಸಿರು ಗೆರೆ ಗೋಡೆಯಿಂದ ಗೋಡೆಗೆ ಸರಿದು
ನನ್ನ ಮೈಮೇಲೆ ಹಾದು
ಏನನ್ನೂ ಅಚ್ಚೊತ್ತದೆ ಹಿಂದಿರುಗುತ್ತದೆ.
ಗಂಡನಿಗೆ ಹೇಳಿದರೆ, 'ಗಾಳಿ' ಎಂದು ಮಗ್ಗುಲು ಬದಲಿಸಿದ.

ಬಡಾವಣೆಯ ಆಸ್ಪತ್ರೆ, ಮಂಗಳವಾರ, ಟೋಕನ್ ಹದಿನೇಳು.
ಬಾಗಿಲು ತೆರೆದವನ ತಲೆ ಬೋಳಾಗಿತ್ತು,
ಕಿವಿ ಮಾತ್ರ ಅದೇ ಅಗಲ.
ಅವನಿಗೆ ಗುರುತು ಸಿಗಲಿಲ್ಲ; ಮೆಟ್ಟಿಲ ಕೆಳಗಿನವರನ್ನು
ಬೆಳಕಿನಲ್ಲಿ ಯಾರು ನೋಡಿದ್ದಾರೆ?
'ಏನು ಕೇಳಿಸುತ್ತದೆ?' ಅಂದ.
ಹೇಳಿದೆ.
ಗಾಳಿ ಅನ್ನಲಿಲ್ಲ. ಏನೂ ಅನ್ನಲಿಲ್ಲ.
ಗರಗರ ಎಷ್ಟು ಹೊತ್ತು, ಕಾಗದ ಮುಗಿದಾಗ ಹೇಗೆ,
ಬಿಸಿ ಮಸಿಯ ವಾಸನೆಯೂ ಬರುತ್ತದೋ ಎಂದು ಕೇಳಿ ಸುಮ್ಮನಾದ.
ಆ ಮೌನ ನನಗೆ ಗೊತ್ತಿತ್ತು:
ಪುಟ ಇಪ್ಪತ್ತೆರಡು, ಮೇಲಿನಿಂದ ಮೂರನೇ ಸಾಲು;
ಸಾವಿರ ಸಲ ತೆಗೆದಿದ್ದೇನೆ ಅದರ ಪ್ರತಿ.
ಹೀಗೆ ಕೂತು ಇಸಿದುಕೊಂಡಿರಲಿಲ್ಲ.

ಅತ್ತೆ. ಯಂತ್ರಕ್ಕೆ ಅಳುತ್ತಾರೆಯೇ ಯಾರಾದರೂ?
ಅವನು ಒಂದು ಹಾಳೆಯಲ್ಲಿ ಗೀಚಿಕೊಳ್ಳುತ್ತಿದ್ದ,
ಹಿಂಬದಿ ಪೂರಾ ಖಾಲಿ ಬಿಟ್ಟು
ಹೊಸ ಹಾಳೆಗೆ ಕೈ ಚಾಚಿದ.
ತಡೆಯಲಾಗಲಿಲ್ಲ ನನಗೆ.
'ಎರಡೂ ಬದಿ ಬಳಸು, ಲಿಸಾಂದ್ರೊ.'

ಪೆನ್ನು ನಿಂತಿತು.
ಆಗ ತಲೆಯೆತ್ತಿದ.